ಸೌಂದರ್ಯ ನಿರ್ಮಿಸಿದ್ದನ್ನೂ ನೋಡೋಣ

ಮಂಡಿಕಲ್‌ನಿಂದ ಗೌರಿಬಿದನೂರಿನವರೆಗೆ, ಚಿಂತಾಮಣಿಯಿಂದ ಶಿಡ್ಲಘಟ್ಟದವರೆಗೆ ನಟಿ ಸೌಂದರ್ಯ ಅವರ ಹೆಸರು ಕೇಳದ ಮನೆ ಇರಲಾರದು. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆಯುವ ನಮ್ಮ ಚಿಕ್ಕಬಳ್ಳಾಪುರ ಸೀಮೆಗೆ ಅವರು ಎರಡೂ ಕಡೆಯಿಂದ ಸ್ವಂತದವರು. ಅವರದು ಮುಳಬಾಗಿಲು ತಾಲ್ಲೂಕು; 2007ರಲ್ಲಿ ಜಿಲ್ಲೆ ಒಡೆಯುವ ತನಕ ನಾವೂ ಅವರೂ ಒಂದೇ ಕೋಲಾರದವರು. ‘ಅಮ್ಮೋರು’, ‘ಅಂತಃಪುರಂ’ ನೋಡಿ ಕಣ್ಣೊರೆಸಿಕೊಂಡವರು ಇಲ್ಲಿ ಬೇಕಾದಷ್ಟಿದ್ದಾರೆ. ‘ದ್ವೀಪ’ ನೋಡಿದವರು ಎಷ್ಟು ಮಂದಿ?

ಅಣೆಕಟ್ಟೆಯ ನೀರು ಏರಿ ಬರುತ್ತಿದ್ದರೂ ನೆಲ ಬಿಡಲೊಲ್ಲದ ಕುಟುಂಬದ ಕಥೆ ಅದು. ಕಾದಂಬರಿ ನಾ. ಡಿಸೋಜ ಅವರದು, ನಿರ್ದೇಶನ ಗಿರೀಶ ಕಾಸರವಳ್ಳಿಯವರದು. ನಾಗಿಯ ಪಾತ್ರ ಮಾಡಿದ ಸೌಂದರ್ಯ ಅವರೇ ಚಿತ್ರಕ್ಕೆ ಹಣವನ್ನೂ ಹಾಕಿದರು. ತೆಲುಗಿನಲ್ಲಿ ಬೇಡಿಕೆಯ ತುತ್ತತುದಿಯಲ್ಲಿದ್ದ ನಟಿ, ಲಾಭದ ಭರವಸೆಯಿಲ್ಲದ ಕನ್ನಡ ಚಿತ್ರಕ್ಕೆ ತಮ್ಮ ದುಡಿಮೆಯನ್ನು ಸುರಿದರು. ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. 2004ರ ಏಪ್ರಿಲ್ 17ರಂದು ಜಕ್ಕೂರಿನ ಬಳಿ ವಿಮಾನ ಉರುಳಿ ಅವರು ತೀರಿಕೊಂಡರು. ಆಗ ಅವರಿಗೆ 31 ವರ್ಷ. ಇನ್ನೂ ಎಂಥೆಂಥ ಚಿತ್ರಗಳನ್ನು ಕಟ್ಟುತ್ತಿದ್ದರೋ! ನಾವಾದರೋ ಇಂದಿಗೂ ಅವರ ಚೆಲುವನ್ನೇ ಹೊಗಳುತ್ತೇವೆ; ಅವರ ಧೈರ್ಯದ ಮಾತೇ ಎತ್ತುವುದಿಲ್ಲ.

ಈ ಅನ್ಯಾಯ ಹಳೆಯದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಒಂಬತ್ತೇ ವರ್ಷಕ್ಕೆ ನಟಿ ಎಂ.ವಿ. ರಾಜಮ್ಮ ‘ರಾಧಾರಮಣ’ ನಿರ್ಮಿಸಿದರು. ಜಿ.ವಿ. ಅಯ್ಯರ್, ಬಾಲಕೃಷ್ಣ ತೆರೆಗೆ ಬಂದದ್ದು ಆ ಚಿತ್ರದಿಂದ. ಅವರಿಬ್ಬರನ್ನು ನೆನೆಯುವ ನಾಡಿಗೆ ಬಾಗಿಲು ತೆರೆದ ರಾಜಮ್ಮನ ನೆನಪಿದೆಯೇ?

1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಅವರಿಗೆ ಪಂಢರಿಬಾಯಿ ನಾಯಕಿ. 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ಅದೇ ನಾಯಕನಿಗೆ ಅವರು ತಾಯಿ. ಇದು ಅಣ್ಣಾವ್ರ ದೋಷವಲ್ಲ. ನಾಯಕನಿಗೆ ವಯಸ್ಸೇ ಆಗದಂತೆ ನೋಡಿಕೊಂಡು, ನಾಯಕಿಯನ್ನು ಮೂವತ್ತೈದಕ್ಕೇ ಮುದುಕಿಯಾಗಿಸಿದ ಉದ್ಯಮದ ದೋಷ, ಟಿಕೆಟ್ ಕೊಂಡ ನಮ್ಮ ದೋಷ.

ಅಭಿನಯದ ದಾರಿ ಹೀಗೆ ಮುಚ್ಚುವಾಗ ಕೆಲವರು ಬೇರೆ ದಾರಿ ಕಡಿದರು. ಲಕ್ಷ್ಮಿ 1980ರಲ್ಲೇ ‘ಮಕ್ಕಳ ಸೈನ್ಯ’ ನಿರ್ದೇಶಿಸಿದರು. ವಿಜಯಲಕ್ಷ್ಮಿ ಸಿಂಗ್ 2007ರಲ್ಲಿ ‘ಈ ಬಂಧನ’ ಮಾಡಿದರು. ನನ್ನನ್ನು ಹೆಚ್ಚು ಕಾಡುವವರು ಆರತಿ. ‘ನಾಗರಹಾವು’ ಚಿತ್ರದ ಅಲಮೇಲು, ‘ಶುಭಮಂಗಳ’ದ ಹೇಮಾ; 1981ರ ‘ರಂಗನಾಯಕಿ’ಯಲ್ಲಿ ನಾಟಕದ ನಟಿಯೊಬ್ಬಳ ಬಾಳನ್ನೇ ತೆರೆಯ ಮೇಲೆ ಬಾಳಿದವರು. ಆಮೇಲೆ ತೆರೆಯಿಂದ ದೂರ ಸರಿದು, 2005ರಲ್ಲಿ ಮಕ್ಕಳಿಗಾಗಿ ‘ಮಿಠಾಯಿ ಮನೆ’ ನಿರ್ದೇಶಿಸಿ ಮರಳಿದರು. ಆರತಿಯೆಂದರೆ ಇಂದಿಗೂ ನಿರ್ದೇಶಕ ಪುಟ್ಟಣ್ಣ ಕಣಗಾಲರ ನಾಯಕಿ ಎಂದೇ ಮಾತು ಶುರುವಾಗುತ್ತದೆ, ಅಲ್ಲಿಗೇ ಮುಗಿಯುತ್ತದೆ. ಅವರೂ ನಿರ್ದೇಶಕಿ ಎಂದು ಹೇಳಲು ನಮಗೇಕೆ ನಾಲಿಗೆ ಏಳುವುದಿಲ್ಲ?

ಹೆಸರು ಹೇಳಿದರಷ್ಟೇ ಸಾಲದು, ಹಣವೂ ಬೇಕು. ಕೇರಳ ಸರ್ಕಾರ ತನ್ನ ಚಲನಚಿತ್ರ ಅಭಿವೃದ್ಧಿ ನಿಗಮದ ಮೂಲಕ ನಿರ್ದೇಶಕಿಯರ ಚಿತ್ರಗಳಿಗೆ ತಾನೇ ಹಣ ಹೂಡುತ್ತಿದೆ. ತಾರಾ ರಾಮಾನುಜನ್ ಅವರ ‘ನಿಷಿದ್ಧೋ’ ಹಾಗೆ ಹುಟ್ಟಿದ ಚಿತ್ರ. ಕರ್ನಾಟಕಕ್ಕೆ ಇದು ಆಗದ ಕೆಲಸವೇನಲ್ಲ.

ಚಿಕ್ಕಬಳ್ಳಾಪುರ, ಚಿಂತಾಮಣಿಯ ಕಾಲೇಜುಗಳ ಮೇಷ್ಟರೇ, ಈ ವರ್ಷ ಮಕ್ಕಳನ್ನು ಕೂರಿಸಿ ‘ದ್ವೀಪ’ ತೋರಿಸಿ, ಅದನ್ನು ನಿರ್ಮಿಸಿದ್ದು ಯಾರೆಂದು ಹೇಳಿ. ರೇಷ್ಮೆಗೂಡು ಮಾರಿ ಮಗಳನ್ನು ಓದಿಸುತ್ತಿರುವ ಅಪ್ಪಂದಿರೇ, ಅವಳು ಸಿನಿಮಾ ಮಾಡುತ್ತೇನೆಂದರೆ ಮಾನ ಹೋಯಿತೆಂದು ಬಾಗಿಲು ಹಾಕಬೇಡಿ. ಯಾವ ಕಥೆ ಹೇಳುತ್ತೀಯ ಎಂದು ಕೇಳಿ. ಉಳಿದವರು ಮುಂದಿನ ಬಜೆಟ್ಟಿಗೆ ಮುನ್ನ ನಿಮ್ಮ ಶಾಸಕರಿಗೆ ಕಾಗದ ಬರೆಯಿರಿ: ಹೆಣ್ಣುಮಕ್ಕಳ ಮೊದಲ ಚಿತ್ರಕ್ಕೆ ಕರ್ನಾಟಕವೂ ಹಣ ತೆಗೆದಿಡಲಿ.