ನೀಲಿ ಟಿಕ್ ಬಂದರೆ ಸಾಕೇ?

ಕಳೆದ ವರ್ಷದ ವಾಣಿಜ್ಯ ಮೇಳದ ಲೆಕ್ಕವನ್ನು ನಾವು ಐದು ಜನ ಒಂದೇ ಗೂಗಲ್ ಶೀಟ್‌ನಲ್ಲಿ ಬರೆಯುತ್ತಿದ್ದೆವು. ಹಣದ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ಗೆಳತಿ ಜೊಹರ್ ನಮಾಜಿಗೆ ಹೋಗಿದ್ದಾಗ ಶಾಮಿಯಾನದವರು ಬಂದರು. ನಾನೇ ಪೆಟ್ಟಿಗೆಯಿಂದ 1,800 ರೂಪಾಯಿ ತೆಗೆದುಕೊಟ್ಟೆ. "ಶಾಮಿಯಾನದ ಬಿಲ್ ಕೊಟ್ಟಾಯ್ತು, ಶೀಟಿಗೆ ಹಾಕಿ" ಎಂದು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಅಂದರೆ ಎಲ್ಲರೂ ನೋಡಿದ್ದರು. ಬೇರೆ ಯಾರೋ ಹಾಕಿರುತ್ತಾರೆಂದು ಎಲ್ಲರೂ ಸುಮ್ಮನಾದೆವು.

ಸಂಜೆ ನಗದು ಕಡಿಮೆ ಬಂತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಆ ಗೆಳತಿಯ ಮುಖವನ್ನೇ ನೋಡಿದರು. ಮೂರನೆಯ ದಿನ ಸಾಲು ಸಾಲಾಗಿ ಓದಿದಾಗಲೇ ಶಾಮಿಯಾನದ ಸಾಲೇ ಇಲ್ಲವೆಂದು ತಿಳಿದದ್ದು. ಅಲ್ಲಿಯವರೆಗೆ ಅವಳು ಕ್ಯಾಂಟೀನಿಗೂ ಬಂದಿರಲಿಲ್ಲ.

"ಜವಾಬ್ದಾರಿ ಇಲ್ಲ" ಎಂದು ನಮ್ಮನ್ನು ಬೈದರು. ಅದು ಅರ್ಧ ನಿಜ. ಹರ್ಬರ್ಟ್ ಕ್ಲಾರ್ಕ್ ಮತ್ತು ಸೂಸನ್ ಬ್ರೆನ್ನನ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಬರೆದ ಪ್ರಬಂಧವೊಂದನ್ನು ಆಮೇಲೆ ಓದಿದೆ (ಪೂರ್ತಿ ಅರ್ಥವಾಯಿತು ಎನ್ನಲಾರೆ). ಹೇಳಿದ್ದು ಆ ಕೆಲಸಕ್ಕೆ ಸಾಕಾಗುವಷ್ಟು ಅರ್ಥವಾಗಿದೆ ಎಂದು ಹೇಳಿದವರಿಗೂ ಕೇಳಿದವರಿಗೂ ನಂಬಿಕೆ ಬರಬೇಕು, ಆಗಲೇ ಮಾತು ಮುಂದೆ ಸಾಗುವುದು ಎನ್ನುತ್ತಾರೆ ಅವರು. ಅಮ್ಮಿ ಫೋನಿನಲ್ಲಿ ಖಾಲಾ ಜೊತೆ ಮಾತಾಡುವಾಗ ಆ ಕಡೆಯಿಂದ "ಹೌ, ಹೌ" ಬರುತ್ತಲೇ ಇರಬೇಕು. ನಿಂತರೆ ಅಮ್ಮಿಯೂ ನಿಲ್ಲಿಸಿ, "ಸುನ್ ರೈ ಕ್ಯಾ?" ಎಂದು ಕೇಳುತ್ತಾರೆ. ಕನ್ನಡದವರ "ಹೂಂ" ಕೂಡ ಇದೇ ಕೆಲಸ ಮಾಡುತ್ತದೆ.

ಒಟ್ಟಿಗೆ ಕೆಲಸ ಮಾಡುವ ತಂತ್ರಾಂಶಗಳನ್ನು ಈ ದೃಷ್ಟಿಯಿಂದ ನೋಡಬೇಕು. ಶೀಟಿನಲ್ಲಿ ಇನ್ನೊಬ್ಬರ ಕರ್ಸರ್ ಓಡಾಡುವುದು ಕಾಣುತ್ತದೆ, ಬರೆದದ್ದನ್ನು ಮತ್ತೆ ಓದಬಹುದು. "ಹೌ" ಮಾತ್ರ ತಾನಾಗಿ ಬರುವುದಿಲ್ಲ. ನೀಲಿ ಟಿಕ್ ಹೇಳುವುದು ಸಂದೇಶ ತೆರೆದರು ಎಂದಷ್ಟೇ. ಶೀಟಿನಲ್ಲೇ ಕಾಮೆಂಟ್ ಬರೆದು ಒಬ್ಬರ ಹೆಸರಿಗೆ ಕೆಲಸ ವಹಿಸಬಹುದು, ಮುಗಿಸಿದವರು ಗುರುತು ಹಾಕಬಹುದು. ನಾವು ಅದನ್ನು ಬಳಸಿಯೇ ಇರಲಿಲ್ಲ.

ಅಧ್ಯಾಪಕರಲ್ಲೂ ಒಂದು ವಿನಂತಿ. ಪರೀಕ್ಷಾ ಶುಲ್ಕದ ಸೂಚನೆ ಬರುವ ಗುಂಪಿನಲ್ಲಿ ನಮಗೆ ಉತ್ತರಿಸಲು ಅವಕಾಶವಿಲ್ಲ. ನೂರು ಜನ "ಓಕೆ ಮೇಡಂ" ಎಂದರೆ ತಲೆನೋವು, ಒಪ್ಪುತ್ತೇನೆ. ತರಗತಿಯ ಪ್ರತಿನಿಧಿಯಾದರೂ ಸೂಚನೆಯನ್ನು ತನ್ನ ಮಾತಿನಲ್ಲಿ ಒಂದು ಸಾಲು ಬರೆದು ತೋರಿಸಲಿ. ತಪ್ಪು ತಿಳಿದಿದ್ದರೆ ಕೊನೆಯ ದಿನಾಂಕಕ್ಕೆ ಮೊದಲೇ ಗೊತ್ತಾಗುತ್ತದೆ.

ಈ ವರ್ಷದ ಶೀಟಿಗೆ "ಬರೆದವರು", "ನೋಡಿ ಒಪ್ಪಿದವರು" ಎಂಬ ಎರಡು ಕಾಲಂ ಸೇರಿಸಿದ್ದೇವೆ. ವೋಚರ್‌ನಲ್ಲಿ ಎರಡು ಸಹಿ ಏಕೆಂದು ಪಾಠದಲ್ಲಿ ಓದಿದ್ದೆವು, ಪರೀಕ್ಷೆಗೆಂದು.