ಕೊಡಗಿನ ತರುಣರೂ ವಿದ್ಯುತ್ ಎಂಜಿನಿಯರಿಂಗ್ ಪದವಿಯೂ

ಎಂಜಿನಿಯರಿಂಗ್ ಕಾಲೇಜುಗಳ ಸ್ಥಾನ ಹಂಚಿಕೆಯ ಕಾಲವು ಬರುವ ವೇಳೆಗೆ ಕೊಡಗಿನಲ್ಲಿ ಮುಂಗಾರು ಬಲಿತಿರುತ್ತದೆ. ಮರಗಳು ಉರುಳಿ, ತಂತಿಗಳು ಹರಿದು, ಊರೂರುಗಳೇ ಕತ್ತಲೆಯಲ್ಲಿರುತ್ತವೆ. ಆ ಕತ್ತಲೆಯಲ್ಲಿಯೇ ಕುಳಿತು ಎಷ್ಟೋ ಮನೆಗಳ ಹಿರಿಯರು, ಮಗನನ್ನೋ ಮಗಳನ್ನೋ ಯಾವ ವಿಶ್ವವಿದ್ಯಾನಿಲಯಕ್ಕೆ ಕಳುಹಿಸೋಣವೆಂದು ಆಲೋಚಿಸುತ್ತಾರೆ. ಆಲೋಚನೆಯ ಕೊನೆಗೆ ಹೊರಡುವ ಉತ್ತರವು ಬಹುಮಟ್ಟಿಗೆ ಒಂದೇ: ಬೆಂಗಳೂರು, ಕಂಪ್ಯೂಟರು. ಮನೆಯ ದೀಪವನ್ನು ಹೊತ್ತಿಸುವ ವಿದ್ಯೆಯನ್ನೇ ಕಲಿಯಬೇಕೆಂಬ ಮನಸ್ಸುಳ್ಳ ವಿರಳ ವಿದ್ಯಾರ್ಥಿಗೆ ಸರಿಯಾದ ಸಲಹೆ ಕೊಡುವವರು ದೊರೆಯುವುದಿಲ್ಲ. ಅಂಥವರನ್ನು ಉದ್ದೇಶಿಸಿ ನಾವು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಯಾವ ವಿಶ್ವವಿದ್ಯಾನಿಲಯವೆಂಬ ಪ್ರಶ್ನೆಯೇ ನಮ್ಮ ರಾಜ್ಯದಲ್ಲಿ ಬಹಳ ಮಟ್ಟಿಗೆ ಅರ್ಥ ಕಳೆದುಕೊಂಡಿದೆ. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಸ್ಥಾಪಿತವಾದಂದಿನಿಂದ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಅದರ ಛತ್ರದಡಿಯಲ್ಲಿವೆ. ಪೊನ್ನಂಪೇಟೆಯಲ್ಲಿ ಓದಿದವನಿಗೂ ಹಾಸನದಲ್ಲಿ ಓದಿದವನಿಗೂ ಪದವಿಪತ್ರದ ಮೇಲಿನ ಮುದ್ರೆ ಒಂದೇ. ಕಲಿತ ವಿದ್ಯೆ ಮಾತ್ರ ಒಂದೇ ಆಗಿರಬೇಕಾದ ನಿಯಮವಿಲ್ಲ. ಆದುದರಿಂದ ಪರೀಕ್ಷಿಸತಕ್ಕದ್ದು ವಿಶ್ವವಿದ್ಯಾನಿಲಯವನ್ನಲ್ಲ, ಕಾಲೇಜನ್ನೂ ಅಲ್ಲ, ಕಾಲೇಜಿನೊಳಗಿನ ವಿದ್ಯುತ್ ವಿಭಾಗವನ್ನು. ಇದು ನಮ್ಮ ದೃಢವಾದ ಅಭಿಮತ.

ಏಕೆಂಬುದಕ್ಕೆ ನಮ್ಮ ಜಿಲ್ಲೆಯ ಅನುಭವವೇ ಸಾಕ್ಷಿ. ಕಾಫಿ ತೋಟದ ನಡುವೆ ಹರಿದ ತಂತಿಯು ನೆಲಕ್ಕೆ ಬಿದ್ದಾಗ, ಅದರಿಂದ ಭೂಮಿಗೆ ಹರಿಯುವ ಪ್ರವಾಹವು ಕೆಲವೊಮ್ಮೆ ಎಷ್ಟು ಅಲ್ಪವಾಗಿರುತ್ತದೆಂದರೆ, ಉಪಕೇಂದ್ರದ ರಿಲೇ ಯಂತ್ರಕ್ಕೆ ಅದು ದೋಷವೆಂದು ತಿಳಿಯುವುದೇ ಇಲ್ಲ. ತಂತಿಯು ಜೀವಂತವಾಗಿಯೇ ಬಿದ್ದಿರುತ್ತದೆ. ಬೆಳಗ್ಗೆ ಕೆಲಸಕ್ಕೆ ಬರುವ ಕೂಲಿಯ ಹೆಂಗಸಾಗಲಿ, ರಾತ್ರಿ ತೋಟಕ್ಕೆ ನುಗ್ಗುವ ಆನೆಯಾಗಲಿ ಅದನ್ನು ತುಳಿದರೆ ಆಗುವುದನ್ನು ಇಲ್ಲಿಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಈ ದೋಷವನ್ನು ಪತ್ತೆಮಾಡುವುದು ಪ್ರಪಂಚದ ಎಲ್ಲ ಕಡೆಯ ವಿದ್ಯುತ್ ತಜ್ಞರಿಗೂ ಕಠಿಣವಾದ ಸಮಸ್ಯೆಯೇ. ರಿಲೇಯನ್ನು ಕೈಯಾರೆ ಬಿಚ್ಚಿ, ಹೊಂದಿಸಿ, ದೋಷವನ್ನು ಉಂಟುಮಾಡಿ ನೋಡಿದ ಪದವೀಧರನು ಇಂಥ ಸಮಸ್ಯೆಗೆ ಕೈಹಾಕಬಲ್ಲನು. ಅದರ ಚಿತ್ರವನ್ನು ಮಾತ್ರ ಕಂಡವನು ಹಾಕಲಾರನು.

ಹೀಗಿರುವಲ್ಲಿ, ಕಾಲೇಜನ್ನು ನೋಡಲು ಹೋದ ತಂದೆತಾಯಿಗಳು ಕಟ್ಟಡದ ಗಾಜನ್ನೂ ಭೋಜನಶಾಲೆಯನ್ನೂ ನೋಡಿ ಹಿಂದಿರುಗುವುದು ನಮಗೆ ಸೋಜಿಗವಾಗಿ ಕಾಣುತ್ತದೆ. ಯಂತ್ರಗಳ ಪ್ರಯೋಗಶಾಲೆಯನ್ನು ತೋರಿಸಿರೆಂದು ಕೇಳಬೇಕು. ಇಂಡಕ್ಷನ್ ಮೋಟಾರು, ಸಿಂಕ್ರೊನಸ್ ಜನರೇಟರು, ಟ್ರಾನ್ಸ್‌ಫಾರ್ಮರುಗಳು ತಿರುಗುತ್ತಿವೆಯೋ ಧೂಳು ಹಿಡಿದಿವೆಯೋ, ಒಂದೊಂದು ಯಂತ್ರದ ಮುಂದೆ ಎಷ್ಟು ಮಂದಿ ನಿಲ್ಲುತ್ತಾರೆ, ಪಾಠ ಹೇಳುವವರು ಖಾಯಂ ಅಧ್ಯಾಪಕರೋ ವರ್ಷವರ್ಷವೂ ಬದಲಾಗುವವರೋ ಎಂದು ವಿಚಾರಿಸಬೇಕು. ಇನ್ನೊಂದು ಸೂಕ್ಷ್ಮವನ್ನು ಅನೇಕರು ಅರಿಯರು: ನ್ಯಾಕ್ ಶ್ರೇಣಿಯು ಇಡೀ ಸಂಸ್ಥೆಗೆ ಸಲ್ಲುವುದು, ಎನ್.ಬಿ.ಎ. ಮಂಡಳಿಯ ಮಾನ್ಯತೆಯು ಒಂದೊಂದು ಶಾಖೆಗೆ ಬೇರೆ ಬೇರೆಯಾಗಿ ಸಲ್ಲುವುದು. ಜಾಹೀರಾತಿನಲ್ಲಿ ಮೆರೆಯುವ ಮಾನ್ಯತೆಯು ವಿದ್ಯುತ್ ಶಾಖೆಯದೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ೨೦೨೪ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನವರು ಶಾಖೆಯೊಂದರ ಸ್ಥಾನಸಂಖ್ಯೆಯ ಮೇಲಿದ್ದ ಗರಿಷ್ಠ ಮಿತಿಯನ್ನು ಸಡಿಲಿಸಿದ ಮೇಲೆ ಕಂಪ್ಯೂಟರ್ ಶಾಖೆಗಳು ಉಬ್ಬುವುದಕ್ಕೆ ದಾರಿಯಾಗಿದೆ. ಅಂಥ ಕಾಲೇಜುಗಳಲ್ಲಿ ವಿದ್ಯುತ್ ವಿಭಾಗವು ಮಲಮಗುವಾಗುವ ಭಯವು ನಿರಾಧಾರವಲ್ಲ.

ಇನ್ನು ಸ್ಥಳಗಳ ವಿಚಾರ. ಸಂಪಾಜೆ ಘಟ್ಟವನ್ನಿಳಿದು ಕರಾವಳಿಗೆ ಹೋದರೆ ಸುರತ್ಕಲ್ಲಿದೆ. ೧೯೬೦ರಲ್ಲಿ ಕರ್ನಾಟಕ ಪ್ರಾಂತೀಯ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾದ ದಿನದಿಂದಲೇ ಅಲ್ಲಿ ವಿದ್ಯುತ್ ಶಾಖೆಯುಂಟು. ೨೦೦೨ರಿಂದ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿ ತಾನೇ ಪದವಿ ಕೊಡುತ್ತದೆ. ಅಲ್ಲಿಗೆ ಪ್ರವೇಶವು ಜೆ.ಇ.ಇ. ಪರೀಕ್ಷೆಯ ಮೂಲಕ, ಅರ್ಧದಷ್ಟು ಸ್ಥಾನಗಳು ಕರ್ನಾಟಕದವರಿಗೆಂದೇ ಮೀಸಲಾಗಿವೆ. ಈ ಅರ್ಧಭಾಗದ ಸಂಗತಿಯನ್ನೇ ತಿಳಿಯದೆ ನಮ್ಮ ಹುಡುಗರು ಜೆ.ಇ.ಇ.ಯನ್ನು ಉತ್ತರದೇಶದವರ ಪರೀಕ್ಷೆಯೆಂದು ಕೈಬಿಡುವುದು ಶೋಚನೀಯ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಕಾಲೇಜು (೧೯೬೩) ಮತ್ತು ಹಾಸನದ ಮಲೆನಾಡು ಕಾಲೇಜು (೧೯೬೦) ಹಳೆಯ ಶಾಲೆಗಳು, ಮನೆಗೂ ಸಮೀಪ. ೧೯೧೭ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಹುಟ್ಟಿದ ಕಾಲೇಜು ೨೦೨೧ರ ಅಧಿನಿಯಮದ ಬಲದಿಂದ ಪ್ರತ್ಯೇಕ ವಿಶ್ವವಿದ್ಯಾನಿಲಯವಾಗಿದೆ. ಟಾಟಾ ಸಂಸ್ಥೆಯೆಂದು ಜನರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೧೧ರಿಂದಲೂ ವಿದ್ಯುತ್ ವಿಭಾಗವಿದ್ದರೂ, ಪಿ.ಯು.ಸಿ. ಮುಗಿಸಿದವರಿಗೆ ಅಲ್ಲಿ ಈ ಪದವಿಯಿಲ್ಲ; ಅದು ಮುಂದಿನ ಮಾತು.

ನಮ್ಮ ಜಿಲ್ಲೆಯೊಳಗೇ ಎಂಜಿನಿಯರಿಂಗ್ ಕಾಲೇಜೆಂಬುದು ೨೦೦೩ರಲ್ಲಿ ಪೊನ್ನಂಪೇಟೆಯಲ್ಲಿ ಸ್ಥಾಪಿತವಾದ ಮೇಲೆಯೇ ದೊರೆಯಿತು. ಅನಂತರ ಕುಶಾಲನಗರದಲ್ಲಿ ಸರ್ಕಾರಿ ಕಾಲೇಜು ಬಂದಿತು. ಮನೆಯೂಟ ಉಣ್ಣುತ್ತ ಓದುವ ಸೌಲಭ್ಯವು ಅಲ್ಪವಲ್ಲ. ಆದರೆ ವಿದ್ಯುತ್ ಶಾಖೆಗೆ ಅಲ್ಲಿ ಸ್ಥಾನಗಳಿವೆಯೇ, ಎಷ್ಟಿವೆ ಎಂಬುದನ್ನು ಆಯಾ ವರ್ಷದ ಸ್ಥಾನಪಟ್ಟಿಯಲ್ಲಿಯೇ ನೋಡಬೇಕು. ವಿದ್ಯುತ್ ಸ್ಥಾನವಿಲ್ಲವೆಂದು ಸಿಕ್ಕಿದ ಶಾಖೆಗೆ ಸೇರುವುದು ತರವಲ್ಲ. ಪವರ್ ಗ್ರಿಡ್ ಮೊದಲಾದ ಸಂಸ್ಥೆಗಳು ವಿದ್ಯುತ್ ಎಂಜಿನಿಯರುಗಳನ್ನು ಆರಿಸುವಾಗ ಆ ಶಾಖೆಯ ಪದವಿಯನ್ನೇ ಕೇಳುತ್ತವೆ.

ತಲಕಾವೇರಿಯಲ್ಲಿ ಹುಟ್ಟಿದ ನೀರು ೧೯೦೨ರಲ್ಲಿಯೇ ಶಿವನಸಮುದ್ರದಲ್ಲಿ ವಿದ್ಯುತ್ತಾಗಿ ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ನಮ್ಮ ಕಾಲದಲ್ಲಿ ಮೈಸೂರಿನಿಂದ ಕೋಳಿಕ್ಕೋಡಿಗೆ ೪೦೦ ಕಿಲೋವೋಲ್ಟಿನ ಮಾರ್ಗವು ಕೊಡಗಿನ ಮರಗಳನ್ನು ಕಡಿದುಕೊಂಡೇ ಹೋಯಿತು. ಆ ಮಾರ್ಗದ ಬಗ್ಗೆ ವಾದವೆದ್ದಾಗ, ತಂತಿಯ ದಾರಿಯನ್ನು ಬದಲಿಸಬಹುದೇ, ಎಷ್ಟು ವೆಚ್ಚವಾದೀತೆಂದು ಲೆಕ್ಕ ಹಾಕಿ ಹೇಳಬಲ್ಲ ನಮ್ಮವರೇ ಆದ ತಜ್ಞರು ಹತ್ತಾರು ಮಂದಿ ಇದ್ದಿದ್ದರೆ ನಮ್ಮ ಅಹವಾಲಿಗೆ ತೂಕ ಹೆಚ್ಚುತ್ತಿತ್ತು.

ಕೊನೆಯದಾಗಿ ಒಂದು ಸಣ್ಣ ವಿಷಯ. ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಸ್ಥಾನಗಳಲ್ಲಿ ವಿಶೇಷ ಮೀಸಲಾತಿಯುಂಟು. ಗ್ರಾಮಾಂತರದಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದವರಿಗೂ ಉಂಟು. ಮನೆಮನೆಯಲ್ಲೂ ಸೈನಿಕನಿರುವ ಈ ನಾಡಿನಲ್ಲಿ, ಪ್ರಮಾಣಪತ್ರ ಸಕಾಲಕ್ಕೆ ಸಿದ್ಧವಿಲ್ಲವೆಂಬ ಕಾರಣಕ್ಕೆ ಸ್ಥಾನ ತಪ್ಪಬಾರದು. ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನೂ ಸೇವಾದಾಖಲೆಯನ್ನೂ ಅರ್ಜಿ ತುಂಬುವುದಕ್ಕೆ ಮೊದಲೇ ತರಿಸಿಟ್ಟುಕೊಳ್ಳುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ಮಡಿಕೇರಿಯ ಕಚೇರಿಗಳಿಗೆ ಅಲೆಯುವುದು ಸುಲಭವಲ್ಲ.