ಹಳೆಯ ಪಿಸ್ತೂಲು, ಹೊಸ ಪಿಸ್ತೂಲು

ಸೇನೆಯಿಂದ ನಿವೃತ್ತನಾಗಿ ಊರಿಗೆ ಮರಳಿದ ನಮ್ಮ ಹಳೆಯ ಶಿಷ್ಯನೊಬ್ಬನು ಕಳೆದ ತಿಂಗಳು ನಮ್ಮ ಜಗಲಿಯ ಮೇಲೆ ಕುಳಿತು, “ಮೇಷ್ಟ್ರೇ, ಅಮೆರಿಕದವರು 1911ರ ಪಿಸ್ತೂಲನ್ನು ಬಿಟ್ಟು ಕೆಟ್ಟರು. ಅಂಥ ಆಯುಧ ಈಗೆಲ್ಲಿ ಬರಬೇಕು?” ಎಂದನು. ಹಿಂದಿನದೇ ಮೇಲೆಂಬ ಮಾತು ನಮ್ಮ ವಯಸ್ಸಿನವರ ಕಿವಿಗೆ ಇಂಪಾಗಿಯೇ ಇರುವುದು. ಆದರೂ ವಿಚಾರಿಸದೆ ಒಪ್ಪುವುದು ಉಚಿತವಲ್ಲವೆಂದು ತೋರಿ, ಅದನ್ನೇ ಈ ಸಲ ವಾಚಕರ ಮುಂದಿಡುವೆವು.

ಮೊದಲು ಪೂರ್ವಪಕ್ಷವನ್ನು ಕೇಳೋಣ. ಫಿಲಿಪೈನ್ಸ್ ದ್ವೀಪಗಳ ಕಾಳಗಗಳಲ್ಲಿ ಅಮೆರಿಕದ ಸೈನಿಕರ ಸಣ್ಣ ಗುಂಡಿನ ರಿವಾಲ್ವರುಗಳು ಮೇಲೆ ಬೀಳುವ ಶತ್ರುವನ್ನು ತಡೆಯಲಾರದೆ ಹೋದುವು. ಆದಕಾರಣ ಜಾನ್ ಬ್ರೌನಿಂಗನು ರಚಿಸಿದ, ಅಂಗುಲದ ನೂರರಲ್ಲಿ 45 ಭಾಗ ದಪ್ಪದ ಗುಂಡಿನ ಪಿಸ್ತೂಲು 1911ರಲ್ಲಿ ಸ್ವೀಕೃತವಾಯಿತು. ಪರೀಕ್ಷೆಯಲ್ಲಿ 6000 ಗುಂಡು ಹಾರಿಸಿದರೂ ಅದು ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲವೆಂಬುದು ಅದರ ಕೀರ್ತಿ. 1985ರಲ್ಲಿ ಅದರ ಸ್ಥಾನಕ್ಕೆ ಬೆರೆಟ್ಟಾ ಕಾರ್ಖಾನೆಯ 9 ಮಿಲಿಮೀಟರಿನ ‘ಎಂ-9’ ಬಂದಿತು. 2003ರಲ್ಲಿ ತೊಡಗಿದ ಇರಾಕ್ ಯುದ್ಧದಲ್ಲಿ ಇದು ಮರಳಿಗೆ ಸಿಕ್ಕಿ ನಿಲ್ಲುವುದೆಂದು ದೂರುಗಳೆದ್ದುವು. ಇಷ್ಟರಿಂದ ಶಿಷ್ಯನ ಪಕ್ಷವೇ ಗೆದ್ದಂತೆ ಕಾಣುವುದು.

ಆದರೆ ಆ ದೂರಿನ ಮೂಲವು ಬಹುಮಟ್ಟಿಗೆ ಪಿಸ್ತೂಲಿನಲ್ಲಿರಲಿಲ್ಲ. ಗುಂಡು ತುಂಬುವ ಮ್ಯಾಗಜೀನಿನಲ್ಲಿದ್ದಿತು. ಅದರ ಒರಟು ಲೇಪಕ್ಕೆ ಹುಡಿಮರಳು ಹಿಡಿದು, ಗುಂಡು ಮೇಲೇರದೆ ನಿಲ್ಲುತ್ತಿದ್ದಿತು. ತರುವಾಯ ನಯವಾದ ಲೇಪದ ಮ್ಯಾಗಜೀನುಗಳನ್ನು ಮಾಡಿಸಿದರು. ಇತ್ತ ಹಳೆಯ ಪಿಸ್ತೂಲನ್ನು ಸರಕಾರವು ಹೊಸದಾಗಿ ಕೊಳ್ಳುವುದು 1945ಕ್ಕೇ ನಿಂತಿದ್ದಿತು. 1985ರ ಸೈನಿಕನ ಕೈಯಲ್ಲಿದ್ದುದು 40 ವರ್ಷ ಸವೆದ ಉಕ್ಕೇ ಹೊರತು ಪರೀಕ್ಷೆಯಲ್ಲಿ ಗೆದ್ದ ಹೊಚ್ಚಹೊಸ ಆಯುಧವಲ್ಲ.

ಇನ್ನು ಪರಿಣಾಮದ ಮಾತು. ಹಳೆಯ ಗುಂಡಿನ ತೂಕ ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 250 ಮೀಟರು. ಹೊಸದು ಸುಮಾರು 8 ಗ್ರಾಂ, ವೇಗ ಸುಮಾರು 370 ಮೀಟರು. ತೂಕದಲ್ಲಿ ಕಳೆದುಕೊಂಡುದನ್ನು ವೇಗದಲ್ಲಿ ಪಡೆದಂತಾಯಿತು. ಹಳೆಯ ಮ್ಯಾಗಜೀನಿನಲ್ಲಿ 7 ಗುಂಡು, ಎಂ-9ರಲ್ಲಿ 15, 2017ರಲ್ಲಿ ಆಯ್ಕೆಯಾದ ಎಂ-17ರಲ್ಲಿ 17. ಸಣ್ಣ ಗುಂಡಿನ ಒದೆತ ಕಡಮೆಯಾದುದರಿಂದ ಕೈ ಬೇಗ ಮರಳಿ ಗುರಿಗೆ ಬರುವುದು. ಹೊಸ ರಚನೆಯ 9 ಮಿಲಿಮೀಟರಿನ ಗುಂಡೇ ತಮಗೆ ಸಾಕೆಂದು ಅಮೆರಿಕದ ಎಫ್.ಬಿ.ಐ. ಇಲಾಖೆಯ ತರಬೇತಿನ ವಿಭಾಗವೂ 2014ರಲ್ಲಿ ನಿರ್ಣಯಿಸಿತು. ಗುಂಡಿನ ದಪ್ಪಕ್ಕಿಂತ ಅದು ತಗಲಿದ ಸ್ಥಾನವೇ ಮುಖ್ಯವೆಂಬುದು ಇದರ ತಾತ್ಪರ್ಯ.

ಇದನ್ನೆಲ್ಲ ಕೇಳಿ ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ ಮೆಲ್ಲನೆ, “ಒಂದು ರಾತ್ರಿ ದಣಿವಿನಿಂದ ಆಯುಧವನ್ನು ಒರೆಸದೆ ಮಲಗಿದೆ, ಮೇಷ್ಟ್ರೇ. ಬೆಳಗಿನ ಜಾವ ಬೇಕಾದಾಗ ಅದು ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದವನಿಂದ ಬದುಕಿದೆ. ಆ ಪಿಸ್ತೂಲನ್ನು ಇಂದಿಗೂ ಬಯ್ಯುತ್ತಿದ್ದೇನೆ” ಎಂದನು.

ಆದಕಾರಣ ನಮ್ಮ ಸಿದ್ಧಾಂತವಿಷ್ಟೆ: ಹಳೆಯದನ್ನು ಹೊಗಳುವ ಮೊದಲು ಅದು ಎಷ್ಟು ಸವೆದಿದೆಯೆಂದೂ, ಹೊಸದನ್ನು ಹಳಿಯುವ ಮೊದಲು ದೋಷವು ಯಾವ ಭಾಗದ್ದೆಂದೂ ನೋಡತಕ್ಕದ್ದು. ಅಷ್ಟಾದ ಮೇಲೆ ಅದನ್ನು ಹಿಡಿದ ಕೈಯ ಕಡೆಗೂ ಒಮ್ಮೆ ದೃಷ್ಟಿ ಹರಿಸುವುದು ಒಳ್ಳೆಯದು.